ಕೆರೆಕಟ್ಟೆಯ ಕೋತಿಗಳೂ ನಮ್ಮನೆಯ ಎರಡನೇ ಒಲೆಯೂ

ಬೇರೆಯವರ ಜಗಳ ನೋಡುತ್ತಾ ಕೂತವನ ಬೆನ್ನಿಗೆ ಅವನ ಮನೆ ಜಗಳವೇ ಬಂದು ಕೂರುತ್ತದೆ. ನನ್ನ ವಿಷಯದಲ್ಲಂತೂ ಇದು ತಪ್ಪಿದ್ದೇ ಇಲ್ಲ. ಶಾಲೆಯಲ್ಲಿ ಅಟೆಂಡರಾಗಿ ಗಂಟೆ ಹೊಡೆದು, ಮಕ್ಕಳ ಜಗಳ ಬಿಡಿಸಿ ನಿವೃತ್ತನಾದೆ. ಇನ್ನು ನೆಮ್ಮದಿ ಅಂದುಕೊಂಡರೆ ಕೋತಿಗಳ ಜಗಳ ನೋಡುವ ಕೆಲಸ ಹುಡುಕಿಕೊಂಡು ಬಂತು.

ಸೊಸೆಯರ ನಾಮಕರಣ

ಬೆಂಗಳೂರಿನ ಮೇಡಂ ಒಬ್ಬರು ನಮ್ಮ ದೇವರಾಯಸಮುದ್ರದ ಕೆರೆಕಟ್ಟೆಗೆ ಬಂದರು. ಕೋತಿಗಳು ಜಗಳವಾಡಿದ ಮೇಲೆ ಹೇಗೆ ರಾಜಿಯಾಗುತ್ತವೆ ಅನ್ನುವುದು ಅವರ ಓದು. ಅವರಿಲ್ಲದ ದಿನ ನಾನು ಹುಣಸೆಮರದ ಕೆಳಗೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯಬೇಕು: ಯಾರ್ಯಾರಿಗೆ ಜಗಳ, ಎಷ್ಟು ಹೊತ್ತಿಗೆ ರಾಜಿ, ಮೊದಲು ಹತ್ತಿರ ಹೋದವರು ಯಾರು.

ಮೇಡಂ ಕೋತಿಗಳಿಗೆ ನಂಬರ್ ಕೊಟ್ಟಿದ್ದರು. ಎಲ್ಲವೂ ಒಂದೇ ಥರ ಬೈತಲೆ ತೆಗೆದುಕೊಂಡು ಕೂತಿದ್ದರೆ ನಂಬರ್ ನೆನಪಿರುವುದು ಹೇಗೆ? ನಾನು ನಮ್ಮ ಮನೆಯವರನ್ನೇ ನೆನೆದು ಹೆಸರಿಟ್ಟೆ. ಮುದಿ ಹೆಣ್ಣು ಅತ್ತೆ. ಅದರ ಹಿಂದೆ ತಿರುಗುವ ಎರಡು ಹೆಣ್ಣುಗಳು ದೊಡ್ಡ ಸೊಸೆ, ಚಿಕ್ಕ ಸೊಸೆ. ಎತ್ತರದ ಕೊಂಬೆಯಲ್ಲಿ ಕೂರುವ ದಪ್ಪ ಗಂಡು ಯಜಮಾನ.

ಮೇಡಂ ನಕ್ಕರು. “ಅಂಕಲ್, ಅವು ಸೊಸೆಯರಲ್ಲ, ಹೆಣ್ಣುಮಕ್ಕಳು. ಕೋತಿಗಳಲ್ಲಿ ಹೆಣ್ಣು ತವರಲ್ಲೇ ಇರುತ್ತೆ. ದೊಡ್ಡದಾದ ಮೇಲೆ ಗಂಡೇ ಬೇರೆ ಗುಂಪಿಗೆ ಹೋಗೋದು.”

“ನಮ್ಮಲ್ಲೂ ಇದೆ ಮೇಡಂ. ಮನೆ ಅಳಿಯ ಅಂತೀವಿ,” ಅಂದೆ.

ಮೂರೇ ನಿಮಿಷ

ಒಂದು ದಿನ ಟೆಂಪೋದಿಂದ ಉದುರಿದ ಟೊಮ್ಯಾಟೊ ಹಣ್ಣಿಗೆ ಇಬ್ಬರು ಸೊಸೆಯರಿಗೂ ಬಿತ್ತು ನೋಡಿ ಜಗಳ! ದೊಡ್ಡದು ಕಿತ್ತುಕೊಂಡಿತು, ಚಿಕ್ಕದು ಕಿರುಚಿತು, ಕಟ್ಟೆಯುದ್ದಕ್ಕೂ ಓಡಾಟ. ನಾನು ಗಡಿಯಾರ ನೋಡಿಕೊಂಡೆ. ಮೂರು ನಿಮಿಷಕ್ಕೆ ಸರಿಯಾಗಿ ಚಿಕ್ಕ ಸೊಸೆ ಹತ್ತಿರ ಬಂತು, ತುಟಿ ಪಟಪಟ ಆಡಿಸಿತು, ಬೆನ್ನು ತಿರುಗಿಸಿ ಕೂತಿತು. ದೊಡ್ಡ ಸೊಸೆ ಅದರ ಕೂದಲು ಬಿಡಿಸಿ ಹೇನು ಹೆಕ್ಕತೊಡಗಿತು. ಮುಗಿಯಿತು ಜಗಳ.

ಪಕ್ಕದಲ್ಲಿ ನಮ್ಮೂರ ರೈತನೊಬ್ಬ ಬೀಡಿ ಸೇದುತ್ತಾ ನಿಂತಿದ್ದ. ಹೊಲದ ಬದುವಿನ ವಿಷಯಕ್ಕೆ ತಮ್ಮನ ಜೊತೆ ಮಾತು ಬಿಟ್ಟು ಎಂಟು ವರ್ಷವಾಗಿತ್ತು. “ನೋಡಿದೇನಲಾ, ಮೂರೇ ನಿಮಿಷ! ನಿಮಗೇನಾಗಿದೆ ರೋಗ?” ಅಂತ ಕೆಣಕಿದೆ.

ಅವನು ಬೀಡಿ ಬೂದಿ ಕೊಡವಿ ಅಂದ: “ಅವಕ್ಕೆ ಪಹಣಿ ಇಲ್ಲ ಕಣಣ್ಣಾ!”

ಹೇನಿನ ಪ್ರಯೋಗ

ಅವನನ್ನು ಕೆಣಕಿದ ಪಾಪ ನನಗೇ ಸುತ್ತಿಕೊಂಡಿತು. ನಾನೂ ನನ್ನ ತಮ್ಮನೂ ಒಂದೇ ಮನೆಯಲ್ಲಿರುವವರು, ಒಂದೇ ಒಲೆ. ಒಂದು ದಿನ ನೆಂಟರ ಮುಂದೆ ತಮ್ಮನ ಹೆಂಡತಿ, “ಅಕ್ಕ, ಬಸ್ಸಾರಿಗೆ ಉಪ್ಪು ಒಂದು ಕೈ ಮುಂದಾಯ್ತು,” ಅಂದುಬಿಟ್ಟಳು. ಅಷ್ಟೇ. ನನ್ನ ಹೆಂಡತಿ ಮಾತು ಬಿಟ್ಟಳು. ಇವಳು ಹಸುವಿಗೆ ಹೇಳಿದಂತೆ ಅವಳಿಗೆ ಹೇಳುವುದು, ಅವಳು ಕೋಳಿಗೆ ಹೇಳಿದಂತೆ ಉತ್ತರ ಕೊಡುವುದು. ಒಂದು ವಾರ ನೋಡಿದ ತಮ್ಮ, “ಭಾನುವಾರ ಕೋಲಾರಕ್ಕೆ ಹೋಗಿ ಇನ್ನೊಂದು ಒಲೆ ತಂದುಬಿಡ್ತೀನಿ ಅಣ್ಣಾ,” ಅಂದ. ಒಲೆ ಎರಡಾದರೆ ಮನೆ ಎರಡಾದಂತೆಯೇ.

ಕೋತಿಗಳ ದಾರಿಯನ್ನೇ ನೋಡೋಣ, ಮೊದಲು ನನ್ನ ಹೆಂಡತಿಯ ಮನಸ್ಸು ಮೆತ್ತಗಾಗಲಿ ಅಂತ, ಅವಳು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾಗ ಹಿಂದೆ ಕೂತು ಮೆಲ್ಲಗೆ ತಲೆಗೂದಲಿಗೆ ಕೈ ಹಾಕಿದೆ.

“ಏನ್ರೀ ಇದು?”

“ಏನಿಲ್ಲ ಕಣೇ, ಹೇನು ನೋಡೋಣ ಅಂತ.”

ಅವಳು ಮೊರ ಕುಕ್ಕಿ ಎದ್ದು ನಿಂತಳು. “ನನ್ನ ತಲೇಲಿ ಹೇನಿದೆ ಅಂತ ನಿಮಗೆ ಯಾರು ಹೇಳಿದ್ದು? ಅವಳೇ ತಾನೇ?”

ಭಾನುವಾರ

ತಮ್ಮ ಬೆಳಿಗ್ಗೆಯೇ ಹೊರಟ. ನಾನು ಅವನನ್ನು ತಡೆಯಲಾರದೆ ಕೆರೆಕಟ್ಟೆಗೆ ಹೋದೆ. ಅಲ್ಲಿ ನೋಡಿದರೆ ನೋಟ್‌ಬುಕ್ ಮನೆಯಲ್ಲೇ ಉಳಿದಿತ್ತು. ವಾಪಸು ಬಂದೆ. ಜಗಲಿಯ ಮೇಲೆ ನನ್ನ ಹೆಂಡತಿ, ತಮ್ಮನ ಹೆಂಡತಿ ಅಕ್ಕಪಕ್ಕ ಕೂತಿದ್ದಾರೆ, ನಡುವೆ ನೋಟ್‌ಬುಕ್!

“‘ದೊಡ್ಡ ಸೊಸೆ: ಮೂತಿ ಕೆಂಪು, ಬುದ್ಧಿ ಮೊಂಡು,’” ಅಂತ ನನ್ನ ಹೆಂಡತಿ ಓದಿದಳು.

“‘ಚಿಕ್ಕ ಸೊಸೆ: ದಿನವಿಡೀ ತಿನ್ನುತ್ತದೆ, ಬಾಲ ಕೆರೆದುಕೊಳ್ಳುತ್ತದೆ.’ ಏನ್ ಭಾವಾ, ನನಗೆ ಬಾಲ ಇದೆಯಾ?”

“ಅಯ್ಯೋ, ಅದು ಕೋತಿ ಕಣಮ್ಮಾ!” ಅಂದೆ.

“ಹೆಸರು ನಮ್ಮದು ತಾನೇ? ಇರಿ, ನಿಮ್ಮದೂ ನೋಡೋಣ.” ನನ್ನ ಹೆಂಡತಿ ಹಾಳೆ ತಿರುವಿದಳು. “‘ಯಜಮಾನ: ಗಂಭೀರ. ಬಲಶಾಲಿ. ಒಮ್ಮೆ ನೋಡಿದರೆ ಸಾಕು, ಹೆಣ್ಣುಗಳೆಲ್ಲ ತೆಪ್ಪಗಾಗುತ್ತವೆ.’”

ಇಬ್ಬರೂ ನನ್ನ ತೂತು ಬನಿಯನ್ನಿನಿಂದ ಹವಾಯಿ ಚಪ್ಪಲಿಯವರೆಗೆ ಒಮ್ಮೆ ನೋಡಿದರು. ಮೊದಲು ತಮ್ಮನ ಹೆಂಡತಿ ಕಿಸಕ್ಕೆಂದಳು. ಆಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ನನ್ನ ಹೆಂಡತಿ ಕಣ್ಣೀರು ಒರೆಸಿಕೊಂಡದ್ದು ತಮ್ಮನ ಹೆಂಡತಿಯ ಸೆರಗಿನಲ್ಲಿ. ನನ್ನ ಮಾನ ಹೋಗಿತ್ತು, ಆದರೆ ಅಷ್ಟು ಸಂತೋಷ ನನಗೆ ಎಷ್ಟೋ ದಿನದಿಂದ ಆಗಿರಲಿಲ್ಲ. ನಗುತ್ತಲೇ ತಮ್ಮನಿಗೆ ಫೋನ್ ಹೋಯಿತು: “ರೀ, ಒಲೆ ಬೇಡ. ಬರ್ತಾ ಮೈಸೂರುಪಾಕ್ ತನ್ನಿ.”

ಸಂಜೆ ಮೇಡಂ ಮನೆಗೇ ಬಂದು ನೋಟ್‌ಬುಕ್ ನೋಡಿದರು. ಯಜಮಾನನ ಹಾಳೆ ಬಂದಾಗ ಕನ್ನಡಕ ಸರಿಮಾಡಿಕೊಂಡರು. ‘ಬಲಶಾಲಿ’ ಅನ್ನುವುದನ್ನು ಯಾರೋ ಹೊಡೆದುಹಾಕಿ, ‘ಬೊಕ್ಕತಲೆ. ಹೆಂಗಸರು ನಕ್ಕರೆ ಹಿತ್ತಲಿಗೆ ಓಡುತ್ತದೆ,’ ಅಂತ ಬರೆದಿದ್ದರು. ಅದರ ಕೆಳಗೆ ಇನ್ನೊಂದು ಕೈಬರಹ: ‘ಮುದ್ದೆ ಆರಿದ್ದರೆ ಮುಟ್ಟುವುದಿಲ್ಲ.’

“ಅಂಕಲ್, ಬಿಸಿ ಮುದ್ದೆ ತಿನ್ನೋ ಕೋತಿನಾ? ಯಾವ ಮರದಲ್ಲಿರುತ್ತೆ? ನಾನು ನೋಡಲೇಬೇಕು!”

ಅಡುಗೆಮನೆಯಿಂದ ಎರಡು ದನಿ ಒಟ್ಟಿಗೆ ಕೇಳಿಸಿತು: “ನೋಡ್ತಾನೇ ಇದ್ದೀರಲ್ಲ ಮೇಡಂ!”