ಹನಿಗೆ ಬೀಸಿದ ಗಾಳಿ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಕಷ್ಟವಂತೆ. ನನಗೆ ಅದಕ್ಕಿಂತ ಕಷ್ಟ, ಗೊತ್ತಿರುವುದನ್ನು ಹೇಳದೆ ಸುಮ್ಮನಿರುವುದು. ಕೊಟ್ಟೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವ ನನ್ನದು ಸಂಬಳಕ್ಕೆ ಮಾಡುವ ಪಾಠಕ್ಕಿಂತ ಪುಕ್ಕಟೆ ಮಾಡುವ ಪಾಠವೇ ಹೆಚ್ಚು. ಬಸ್ಸಿನಲ್ಲಿ ಪಕ್ಕದವರು 'ಭಾಳ ಸೆಕಿ' ಎಂದರೆ ಸಾಕು, ಬೆವರು ಆರಿದಾಗ ಮೈ ಏಕೆ ತಣ್ಣಗಾಗುತ್ತದೆ ಎಂದು ಶುರು ಮಾಡುತ್ತೇನೆ. ಹಗರಿಬೊಮ್ಮನಹಳ್ಳಿಗೆ ಟಿಕೆಟ್ ತೆಗೆಸಿದ್ದವರು ನಡುವೆ ಯಾವುದೋ ಹಳ್ಳಿಯಲ್ಲಿ ಇಳಿದುಹೋದದ್ದೂ ಉಂಟು. ಈ ಚಟ ಒಮ್ಮೆ ನನ್ನ ತಂಗಿಯ ಮದುವೆಗೇ ಅಡ್ಡ ಬರುವುದರಲ್ಲಿತ್ತು.

ಅದು ತೊಂಬತ್ತರ ದಶಕದ ಒಂದು ಬೇಸಿಗೆ. ತಂಗಿ ಗಿರಿಜೆಯನ್ನು ನೋಡಲು ಹಡಗಲಿ ಕಡೆಯ ಹೊಳೆಸಾಲಿನ ಊರಿನಿಂದ ಗಂಡಿನವರು ಬರುವವರಿದ್ದರು. ಹುಡುಗ ಗಿರಿಜೆಯ ಮನಸ್ಸಿಗೆ ಬಂದಿದ್ದ. ದೇವರ ಜಗಲಿಯ ಮೇಲಿಟ್ಟಿದ್ದ ಅವನ ಫೋಟೋ ಆಗಾಗ ಅವಳ ಪುಸ್ತಕದೊಳಗೆ ಸಿಗುತ್ತಿತ್ತು, ನಾವು ಕಂಡೂ ಕಾಣದಂತಿದ್ದೆವು. ಅವತ್ತು ಅವ್ವ ನಸುಕಿನಲ್ಲೇ ಎದ್ದು ಸ್ಟೀಲ್ ಲೋಟಗಳನ್ನೆಲ್ಲ ಬೂದಿ ಹಾಕಿ ತಿಕ್ಕಿ, ತೊಳೆದು, ಬೋರಲು ಹಾಕಿದಳು. ಸಮಾಧಾನವಾಗದೆ ಇನ್ನೊಮ್ಮೆ ತೊಳೆದಳು. ಆದರೆ ನಮ್ಮದು ಬೋರಿನ ಸವಳು ನೀರು, ಸುಣ್ಣ ಹೆಚ್ಚು, ತೊಳೆದಷ್ಟೂ ಕಲೆ. ಒಂದೊಂದು ಹನಿಯೂ ಆರಿಹೋಗುವಾಗ ತನ್ನ ಗುರುತಿಗೆ ಒಂದು ಬಿಳಿ ಉಂಗುರ ಬಿಟ್ಟೇ ಹೋಗುತ್ತದೆ. ನೋಡಿ ನೋಡಿ ಅದು ನಮ್ಮ ಕಣ್ಣಿಗೆ ಬೀಳುವುದನ್ನೇ ಬಿಟ್ಟಿತ್ತು.

ಹುಡುಗನ ತಾಯಿಯ ಕಣ್ಣಿಗೆ ಬಿತ್ತು. ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಕುಡಿಯದೆ ಕೆಳಗಿಟ್ಟರು, ಚೀಲದಿಂದ ತಾವು ತಂದಿದ್ದ ಹೊಳೆ ನೀರಿನ ಬಾಟಲಿ ತೆಗೆದರು. ಆಮೇಲೆ ಗಿರಿಜೆಯನ್ನು ಮೆತ್ತಗೆ ಕೇಳಿದರು, "ಮನ್ಯಾಗ ಲೋಟ ತೊಳಿಯೋರು ಯಾರವ್ವಾ?"

ಅವ್ವನ ಮುಖ ಸಪ್ಪಗಾಯಿತು. ಗಿರಿಜೆ ತಲೆ ತಗ್ಗಿಸಿ "ನಾನ್ರೀ" ಎಂದಳು. ಅವ್ವನ ಮೇಲಿನ ಮಾತನ್ನು ತನ್ನ ಮೇಲೆ ಎಳೆದುಕೊಂಡಳು. ನನ್ನ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಉಪ್ಪಿಟ್ಟು ತರಿಸಿ ಮಾತು ಮರೆಸುತ್ತಿದ್ದರು. ನಾನು ಪಾಠ ಮಾಡಿದೆ.

ತಾಟೊಂದನ್ನು ಬೋರಲು ಹಾಕಿ, ನಮ್ಮ ನೀರಿನದೊಂದು ಹನಿ, ಅವರ ಬಾಟಲಿಯದೊಂದು ಹನಿ ಪಕ್ಕಪಕ್ಕ ಇಟ್ಟೆ. ಹನಿಯ ಅಂಚು ತಾಟನ್ನು ಕಚ್ಚಿಕೊಂಡು ಕೂತಿರುತ್ತದೆ, ಜಾಗ ಬಿಡುವುದಿಲ್ಲ. ಆರುವುದು ಅಲ್ಲೇ ಬೇಗ. ಅಲ್ಲಿ ಕಡಿಮೆಯಾದದ್ದನ್ನು ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತದೆ, ಹೋಗುವಾಗ ತನ್ನ ಸುಣ್ಣವನ್ನೂ ಹೊತ್ತೊಯ್ಯುತ್ತದೆ. ಕೊನೆಗೆ ನೀರು ಹಾರಿಹೋಗುತ್ತದೆ, ಸುಣ್ಣ ಉಂಗುರವಾಗಿ ಉಳಿಯುತ್ತದೆ. ಒಳಗೆ ಜಾಗವಿದ್ದರೂ ಬಸ್ಸಿನ ಬಾಗಿಲಲ್ಲೇ ಜನ ಒತ್ತಿ ನಿಲ್ಲುವುದಿಲ್ಲವೇ, ಹಾಗೆ. ಎರಡೂ ಹನಿ ಆರಲಿ, ತಪ್ಪು ಯಾರದೆಂದು ನೀವೇ ನೋಡಿರಿ ಎಂದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಎಲ್ಲರೂ ತಾಟನ್ನೇ ನೋಡುತ್ತ ಕೂತೆವು. ಹನಿಗಳಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಹನಿಯ ಮೇಲೆ ನಿಂತ ಆವಿಯನ್ನು ಗಾಳಿ ಒಯ್ದರೆ ಬೇಗ ಆರುತ್ತದೆಂದು ವಿವರಿಸುತ್ತಲೇ, ಬೀಗರಿಗೆಂದು ಅವ್ವ ತಂದ ಒಂದೇ ಒಂದು ಬೀಸಣಿಗೆಯನ್ನು ಅವಳ ಕೈಯಿಂದ ತೆಗೆದುಕೊಂಡು ತಾಟಿಗೆ ಬೀಸತೊಡಗಿದೆ. ಹುಡುಗನ ತಂದೆ ಬಸಪ್ಪನವರ ಹಣೆಯ ಮೇಲೆ ಬೇರೆಯೇ ಹನಿಗಳು ಮೂಡಿ ಇಳಿಯುತ್ತಿದ್ದವು. ಸ್ವಲ್ಪ ಹೊತ್ತು ಸಹಿಸಿದರು.

"ಮೇಷ್ಟ್ರೇ, ಆ ಹನಿಗೇನು ಸೆಕಿ ಆಗೇತೇನ್ರಿ? ಸ್ವಲ್ಪ ಈ ಕಡೀಗೂ ಬೀಸ್ರಿ" ಎಂದರು.

ಮೊದಲು ನಕ್ಕವರು ಹುಡುಗನ ತಾಯಿ. ಆಮೇಲೆ ಯಾರಿಗೂ ತಡೆಯಲಾಗಲಿಲ್ಲ. ನಗು ಇಳಿದ ಮೇಲೆ ಬಸಪ್ಪನವರು ಹೆಂಡತಿಯ ಕಡೆ ತಿರುಗಿ ಹೇಳಿದರು, "ಒಂದು ಹನಿ ಆರೋತನ ಇಷ್ಟು ಕಾಯೋ ಮಂದಿ. ನಮ್ಮ ಹುಡುಗನ ಸಿಟ್ಟು ಇಳಿಯೋತನ ಕಾಯಾಕ ಇಂಥಾ ಮನಿ ಹುಡುಗೀನ ಬೇಕು ನೋಡು."

ಹುಡುಗ ತಲೆ ತಗ್ಗಿಸಿದ. ಚಹಾ ಬರುವಷ್ಟರಲ್ಲಿ ಮದುವೆಯ ಮಾತು ಗಟ್ಟಿಯಾಗಿತ್ತು. ನನಗೆ ಖುಷಿಯಾಯಿತು, ಆದರೂ ಪ್ರಯೋಗ ಅರ್ಧಕ್ಕೆ ನಿಲ್ಲಬಾರದೆಂದು ತಾಟಿಗಾಗಿ ಹುಡುಕಿದೆ. ಅದು ಒಳಗೆ ಗೂಡಿನಲ್ಲಿ ಒರಗಿ ನಿಂತಿತ್ತು. "ಅದು ಯಾವಾಗ ಆರಬೇಕಣ್ಣಾ? ನಾನ ಒರೆಸಿಟ್ಟೆ" ಎಂದಳು ಗಿರಿಜೆ. ಅವಳಿಗೆ ಹುಟ್ಟಿನಿಂದಲೂ ಕಾದು ಗೊತ್ತಿಲ್ಲ. ಹಾಲು ಕಾಯುವ ಮೊದಲೇ ಇಳಿಸುವವಳು. ಬೀಗರಿಗೆ ಅದನ್ನು ಹೇಳೋಣವೆಂದು ಬಾಯಿ ತೆರೆದೆ. ಅವ್ವ ಕಣ್ಣು ಬಿಟ್ಟಳು. ಜೀವನದಲ್ಲಿ ಅದೊಂದು ಸಲ ಗೊತ್ತಿದ್ದೂ ಸುಮ್ಮನಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ತಂಗಿಯ ಮನೆಗೆ ಹೋದೆ. ಹೊಳೆ ನೀರಿನ ಲೋಟಗಳು ಫಳಫಳ ಹೊಳೆಯುತ್ತಿದ್ದವು. ಒಳಗೆ ಗಿರಿಜೆಯದೂ ಅವಳ ಗಂಡನದೂ ಜಗಳ ಜೋರಾಗಿ ನಡೆದಿತ್ತು. ನಡುನಡುವೆ ಇಬ್ಬರ ನಗುವೂ ಕೇಳುತ್ತಿದ್ದುದರಿಂದ ನನಗೆ ಗಾಬರಿಯೇನೂ ಆಗಲಿಲ್ಲ. ಕಟ್ಟೆಯ ಮೇಲೆ ಬೆವರುತ್ತ ಕೂತಿದ್ದ ಬಸಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು.

"ಮೇಷ್ಟ್ರೇ, ಕಾಯೋ ಗುಣ ನಿಮ್ಮೊಬ್ಬರದ ಅಂತ ಆವತ್ತ ಹೇಳಬಾರದಾಗಿತ್ತೇನ್ರಿ? ಈಗ ಎರಡೆರಡು ಸಿಟ್ಟು ಇಳಿಯೋತನ ಹೊರಗ ಕುಂತು ನಾ ಕಾಯ್ತೀನಿ."

ಸಿಟ್ಟೂ ಹನಿಯ ಹಾಗೆಯೇ, ಮೊದಲು ಆರುವುದು ಅಂಚಿನಲ್ಲಿ, ಎಂದು ನಾನು ಶುರು ಮಾಡಿದೆ. ಅವರು ಬೀಸಣಿಗೆಯನ್ನು ನನ್ನ ಕೈಗಿಟ್ಟರು. ಈ ಸಲ ಯಾವ ಕಡೆಗೆ ಬೀಸಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.