ಜಾರುವ ಕಾಲಿನ ಅಳತೆ

ನಗುವಂಥದ್ದು ಏನಾದರೂ ನಡೆಯಬೇಕಿದ್ದರೆ ಅದು ನನ್ನ ವಿಳಾಸ ಕೇಳಿಕೊಂಡೇ ಬರುತ್ತಿತ್ತು. ರಾಜಾಜಿನಗರದ ರಬ್ಬರ್ ಶೆಡ್ಡಿನಲ್ಲಿ ಕೆಲಸಕ್ಕಿದ್ದ ದಿನಗಳಲ್ಲಂತೂ ವಾರಕ್ಕೊಂದು ಬಂದೇ ಬರುತ್ತಿತ್ತು.

ಐವತ್ತರ ದಶಕದ ಮಾತು. ಸುತ್ತ ಅರ್ಧ ಸೈಟು, ಅರ್ಧ ರಾಗಿ ಹೊಲ. ಒಂದು ಮನೆಯ ಹಿತ್ತಲಲ್ಲಿ ನಮ್ಮ ಶೆಡ್ಡು. ಕೈಗಾಡಿಗಳಿಗೆ ರಬ್ಬರ್ ಗಾಲಿ ಮಾಡುತ್ತಿದ್ದೆವು. ವ್ಯಾಪಾರ ನೆಲ ಕಚ್ಚಿತ್ತು. ಅಷ್ಟರಲ್ಲಿ ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಸ್ಕೇಟಿಂಗ್ ಹಾಲು ನಡೆಸುತ್ತಿದ್ದ ಸಾಹೇಬರೊಬ್ಬರು ಬಂದರು. ಅವರ ಹಾಲಿನಲ್ಲಿ ಕಾಲಿಗೆ ಗಾಲಿ ಕಟ್ಟಿಕೊಂಡು ಆಡುವವರೆಲ್ಲ ತಿರುವಿನಲ್ಲಿ ಜಾರಿ ಬೀಳುತ್ತಿದ್ದರಂತೆ. "ಗಾಲಿ ಮುಂದಕ್ಕೆ ಓಡಬೇಕು, ಪಕ್ಕಕ್ಕೆ ಜಾರಬಾರದು" ಅಂದರು. ನಮ್ಮ ಮಾಲೀಕರು, "ಸಂಸಾರಸ್ಥರ ಥರ ಇರ್ಬೇಕು ಅನ್ನಿ ಸಾರ್" ಅಂದರು.

ಇನ್ನೊಂದು ಕಾರ್ಖಾನೆಯೂ ಅವರಿಗೆ ಗಾಲಿ ಕೊಟ್ಟಿತ್ತು. ಅದರ ಒಂದು ಜೊತೆಯನ್ನು ನಮ್ಮ ಕೈಗೆ ಕೊಟ್ಟು, "ಯಾವುದರ ಹಿಡಿತ ಹೆಚ್ಚು ಅಂತ ಅಳೆದು ತೋರಿಸಿ" ಅಂದು ಹೋದರು. ಅವರ ಕಾರು ಮರೆಯಾದ ಮೇಲೆ ಮಾಲೀಕರು ನಮ್ಮ ಕಡೆ ತಿರುಗಿದರು. "ಈ ಆರ್ಡರ್ ಬಂದ್ರೆ ಶೆಡ್ಡು ಉಳೀತು. ಬರ್ಲಿಲ್ವೋ, ತಿಂಗಳ ಕೊನೇಲಿ ಬೀಗ."

ಎರಡು ತಿಂಗಳ ಹಿಂದಷ್ಟೇ, ಕೆಲಸ ಪರ್ಮನೆಂಟು, ಕೂತು ಮಾಡುವಂಥದ್ದು ಅಂತ ಕೆಂಗೇರಿಯ ಮಾವನವರಿಗೆ ಹೇಳಿ ಮದುವೆಯಾಗಿದ್ದೆ.

ಕೊಳ್ಳೋನು, ಮಾರೋನು

ಅಳೆಯುವ ಉಪಾಯವೇನೋ ಸುಲಭದ್ದೇ. ಒಬ್ಬ ಗಾಲಿ ಬೂಟು ಹಾಕಿಕೊಂಡು ಅಲುಗದೆ ನಿಲ್ಲಬೇಕು. ಬೂಟಿಗೆ ಹಗ್ಗ ಕಟ್ಟಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ, ಇನ್ನೊಬ್ಬ ಪಕ್ಕಕ್ಕೆ ಎಳೆಯಬೇಕು. ಗಾಲಿ ಜಾರಿದ ಕ್ಷಣ ತಕ್ಕಡಿಯ ಮುಳ್ಳು ಎಲ್ಲಿದೆಯೋ ಅದೇ ಹಿಡಿತ. ನಮ್ಮ ಶೆಡ್ಡಿನದು ಮಣ್ಣಿನ ನೆಲ. ಮುಂದಿನ ಮನೆಯ ಯಜಮಾನಿ ಅಮ್ಮನೋರ ಕಾಲು ಹಿಡಿದು, ಅವರ ಕೆಂಪು ಗಾರೆಯ ಜಗುಲಿಯನ್ನೇ ಬೇಡಿಕೊಂಡೆವು.

ತಕ್ಕಡಿ ನಮ್ಮಲ್ಲಿರಲಿಲ್ಲ. ಮೊದಲ ದಿನ ಹುಣಸೆಹಣ್ಣು ಮಾರುವವನ ತಕ್ಕಡಿ ತಂದು ಎದುರು ಪಾರ್ಟಿಯ ಗಾಲಿ ಎಳೆದೆವು. ಮರುದಿನ ಅವನು ಬರಲಿಲ್ಲ. ಹಳೇ ಪೇಪರ್ ಕೊಳ್ಳುವವನ ತಕ್ಕಡಿಯಲ್ಲಿ ನಮ್ಮ ಗಾಲಿ ಎಳೆದೆವು. ನಮ್ಮದು ಅವರದರ ಅರ್ಧವೂ ಇಲ್ಲ! ಮಾಲೀಕರು ತಲೆಯ ಮೇಲೆ ಕೈ ಹೊತ್ತು ಕೂತರು.

ನಮ್ಮ ಗುಮಾಸ್ತರು ಧಾರವಾಡದ ಕಡೆಯವರು, ಸುಳ್ಳು ಅಂದರೆ ಮೈಲಿ ದೂರ. ಅವರು ನಿಧಾನವಾಗಿ ಕನ್ನಡಕ ಒರೆಸಿಕೊಂಡು, "ಮಾಲಕ್ರ, ಅವ ಮಾರಾಂವ, ಅವನ ತಕ್ಕಡಿ ಜಾಸ್ತಿ ತೋರಸ್ತದ. ಇವ ಕೊಳ್ಳಾಂವ, ಇವಂದು ಕಡಿಮಿ ತೋರಸ್ತದ. ಇದರಾಗ ಗಾಲಿದೇನು ತಪ್ಪದ ರೀ?" ಅಂದರು.

ಮಾಲೀಕರ ಮುಖ ಅರಳಿತು. "ಹೌದಲ್ವೇನ್ರೀ! ಹಂಗಾದ್ರೆ ನಾಳೆ ನಮ್ಮ ಗಾಲಿನ ಹುಣಸೆಹಣ್ಣಿನೋನ ತಕ್ಕಡೀಲಿ ಎಳೀರಿ, ಅವರದನ್ನ ಪೇಪರ್‌ನೋನ ತಕ್ಕಡೀಲಿ ಎಳೀರಿ!"

ಏಕಾದಶಿ ಹಿಡಿತ

ಗುಮಾಸ್ತರು ಅದಕ್ಕೆ ಒಪ್ಪುವುದುಂಟೆ? ಎರಡಕ್ಕೂ ಒಂದೇ ತಕ್ಕಡಿ ಎಂದಾಯಿತು. ಬೂಟು ಹಾಕಿ ನಿಲ್ಲುವ ಕೆಲಸವೂ ಅವರ ತಲೆಗೇ ಬಂತು, ಯಾಕೆಂದರೆ ಅಲುಗದೆ ನಿಲ್ಲುವ ಗಂಭೀರ ಮನುಷ್ಯ ನಮ್ಮಲ್ಲಿ ಅವರೊಬ್ಬರೇ.

ಒಂದು ದಿನ ನಮ್ಮ ಗಾಲಿ ಎಳೆದೆವು, ಮಾರನೆಯ ದಿನ ಎದುರು ಪಾರ್ಟಿಯದು. ಮತ್ತೆ ನಮ್ಮದೇ ಕಡಿಮೆ. ಮಾಲೀಕರು ರಬ್ಬರನ್ನು ಬೈದರು, ನನ್ನನ್ನು ಬೈದರು, ಗಂಧಕ ಕೊಟ್ಟ ಅಂಗಡಿಯವನನ್ನು ಬೈದರು. ಗುಮಾಸ್ತರು ಮಾತ್ರ ಗೋಡೆಯ ಪಂಚಾಂಗ ನೋಡುತ್ತಾ ನಿಂತಿದ್ದರು.

"ತಪ್ಪು ನಂದ ರೀ" ಅಂದರು. "ನಿನ್ನೆ ಏಕಾದಶಿ, ನಿರಾಹಾರ ಇದ್ದೆ. ಇವತ್ತ ದ್ವಾದಶಿ ಪಾರಣಿ. ಸ್ವಲ್ಪ ಗಟ್ಟಿ ಊಟ ಆಗೇದ."

"ಎಷ್ಟು ಗಟ್ಟಿ ಸ್ವಾಮಿ?"

"ಹೋಳಿಗಿ ಎಣಿಸಲಿಲ್ಲ ರೀ."

ಮೇಲಿನ ಭಾರ ಹೆಚ್ಚಿದಷ್ಟೂ ಗಾಲಿ ನೆಲವನ್ನು ಗಟ್ಟಿಯಾಗಿ ಕಚ್ಚುತ್ತದೆ ಅನ್ನುವ ವಿದ್ಯೆ ನಮಗೆ ತಿಳಿದದ್ದು ಹೀಗೆ. ಪ್ರಾಮಾಣಿಕರಾದ ಗುಮಾಸ್ತರು ಸಾಹೇಬರಿಗೆ ಕಳಿಸಿದ ಪಟ್ಟಿಯಲ್ಲಿ ಎರಡು ಸಾಲು ಬರೆದೇ ಬಿಟ್ಟಿದ್ದರು, ಏಕಾದಶಿ ಹಿಡಿತ ಒಂದು, ದ್ವಾದಶಿ ಹಿಡಿತ ಒಂದು. ಸಾಹೇಬರಿಂದ ಉತ್ತರ ಬಂತು: "ನಿಮ್ಮ ಅಳತೆ ಅರ್ಥವಾಗಲಿಲ್ಲ. ಶುಕ್ರವಾರ ನಾನೇ ಬಂದು ಕಾಲಿಗೆ ಹಾಕಿಕೊಂಡು ನೋಡುತ್ತೇನೆ. ಹಬ್ಬ ಯಾವುದೂ ಇಲ್ಲ ತಾನೇ?"

ಕೂತು ಮಾಡುವ ಕೆಲಸ

ಸಾಹೇಬರು ಬರುವ ಮೊದಲು ಯಾರಾದರೂ ಓಡಾಡಿ ನೋಡಬೇಕಲ್ಲ. ವಯಸ್ಸು ಚಿಕ್ಕದು ಅಂತ ನನ್ನನ್ನು ನಿಲ್ಲಿಸಿದರು. ಒಮ್ಮೆ ನಮ್ಮ ಗಾಲಿ, ಒಮ್ಮೆ ಎದುರು ಪಾರ್ಟಿಯದು ಕಟ್ಟಿಕೊಂಡು ಎಷ್ಟು ಸಲ ಬಿದ್ದೆನೋ ದೇವರಿಗೇ ಗೊತ್ತು. ನಮ್ಮ ಗಾಲಿ ತಿರುಗುವಲ್ಲೆಲ್ಲ ಜಗುಲಿಯ ಮೇಲೆ ಕಪ್ಪು ಗೆರೆ ಬೀಳುತ್ತಿತ್ತು. ಅಮ್ಮನೋರಿಗೆ ಆ ನೆಲವೆಂದರೆ ಪ್ರಾಣ. ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಉಜ್ಜಿ, ಮುಖ ನೋಡಿಕೊಳ್ಳುವ ಹಾಗೆ ಇಟ್ಟಿದ್ದರು. ದಿನಾ ಸಂಜೆ ತೆಂಗಿನ ನಾರು ಹಿಡಿದು ಆ ಗೆರೆ ತಿಕ್ಕುತ್ತಾ, ನಮ್ಮ ವಂಶವನ್ನೆಲ್ಲ ನೆನೆಯುತ್ತಿದ್ದರು.

ಹೀಗೇ ಒಂದು ಸಂಜೆ ಕುಂಟುತ್ತಾ ಮನೆಗೆ ಹೋದರೆ, ಮಾವನವರು ಬಂದು ಕೂತಿದ್ದಾರೆ! ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಅಳಿಯಂದ್ರೇ, ಕೂತು ಮಾಡೋ ಕೆಲ್ಸ ಅಂದಿದ್ರಿ?"

"ಹೌದು ಮಾವ, ಇವತ್ತು ಬೆಳಗ್ಗೆಯಿಂದ ಇಪ್ಪತ್ತು ಸಲ ಕೂತಿದೀನಿ."

ಯಾವ ಕಾಲು ಯಾರದು

ಶುಕ್ರವಾರ ಬಂತು. ಸಾಹೇಬರು ಹೇಳಿಕಳಿಸಿದ್ದ ಏರ್ಪಾಡು ಹೀಗೆ: ಒಂದು ಬೂಟಿಗೆ ನಮ್ಮ ಗಾಲಿ, ಇನ್ನೊಂದಕ್ಕೆ ಎದುರು ಪಾರ್ಟಿಯ ಗಾಲಿ. ಒಂದೇ ನೆಲ, ಒಂದೇ ಮನುಷ್ಯ, ಒಂದೇ ಹೊಟ್ಟೆ. ಇನ್ನು ಮೋಸಕ್ಕೆ ಜಾಗವೇ ಇಲ್ಲ.

ಗಾಲಿ ಕೂರಿಸುವ ಜವಾಬ್ದಾರಿ ನನ್ನದು. ಎರಡೂ ಕಪ್ಪು, ಎರಡೂ ಒಂದೇ ಗಾತ್ರ. ಅದಲು ಬದಲಾದರೆ ಗತಿಯೇನು ಅಂತ ನಮ್ಮ ಬೂಟಿಗೆ ಒಂದು ಕುಂಕುಮದ ಬೊಟ್ಟಿಟ್ಟು, ಜಗುಲಿಯ ಮೇಲೆ ಜೋಡಿಸಿ, ಸಾಹೇಬರನ್ನು ಕರೆತರಲು ಬೀದಿಯ ತುದಿಗೆ ಓಡಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಇತ್ತ ಅಮ್ಮನೋರು ಶುಕ್ರವಾರದ ಹೊಸಿಲು ಪೂಜೆಗೆ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದಿದ್ದಾರೆ.

ಸಾಹೇಬರು ಬಂದವರೇ ಬೂಟು ಕಟ್ಟಿಕೊಂಡು ಎದ್ದರು, ಗಿರ್ರನೆ ಒಂದು ತಿರುವು ತೆಗೆದುಕೊಂಡರು. ಎಡಗಾಲು ಹಿಡಿದಲ್ಲೇ ಹಿಡಿಯಿತು. ಬಲಗಾಲು ಮಾತ್ರ ಸೊರ್‍ರೆಂದು ಪಕ್ಕಕ್ಕೆ ಜಾರಿ ಸುತ್ತು ಹೊಡೆಯಿತು. ಸಾಹೇಬರು ಎರಡು ಸುತ್ತು ಬುಗುರಿಯ ಹಾಗೆ ತಿರುಗಿ ಜಗುಲಿಯ ಕಂಬವನ್ನು ತಬ್ಬಿಕೊಂಡರು.

"ಭೇಷ್!" ಅಂದರು, ಕಂಬ ಬಿಡದೆ. "ಎಡಗಾಲಿನ ಗಾಲಿ ಬೇಕು ನನಗೆ. ಇದು ಯಾರದು?"

ಮಾಲೀಕರು ನನ್ನ ಕಡೆ ನೋಡಿದರು. ನಾನು ಸಾಹೇಬರ ಕಾಲು ನೋಡಿದೆ. ಎಡಗಾಲಿನ ಬೂಟಿಗೆ ಕುಂಕುಮ! ಅಬ್ಬಾ, ಬದುಕಿದೆ! ಬಲಗಾಲು ನೋಡಿದೆ. ಅಯ್ಯೋ ಶಿವನೇ, ಅದಕ್ಕೂ ಕುಂಕುಮ, ಮೇಲೊಂದು ದಾಸವಾಳ! ಬೊಟ್ಟನ್ನು ನಂಬಿ ಎಡ ಬಲ ನೆನಪಿಟ್ಟುಕೊಂಡೇ ಇರಲಿಲ್ಲ.

"ನಮ್ಮದೇ ಸಾರ್!" ಅಂದರು ಮಾಲೀಕರು.

"ಗುರುತೇನು?"

ಗುಮಾಸ್ತರು ಸುಮ್ಮನಿರಬಾರದೆ? "ಗುರುತು ಇತ್ತ್ರಿ ಸಾಹೇಬ್ರ. ಈಗ ಎರಡಕ್ಕೂ ಅದ" ಅಂದುಬಿಟ್ಟರು.

ಸಾಹೇಬರ ಹುಬ್ಬು ಮೇಲೇರಿತು. "ಯಾರದು ಅಂತ ಗೊತ್ತಿಲ್ಲದೆ ಯಾರಿಗೆ ಆರ್ಡರ್ ಕೊಡ್ಲಿ?" ಅಂದು ಬೂಟು ಬಿಚ್ಚಲು ಬಗ್ಗಿದರು. ನನ್ನ ಕಣ್ಣ ಮುಂದೆ ಶೆಡ್ಡಿನ ಬೀಗ, ಅದರ ಹಿಂದೆ ಮಾವನವರ ಮುಖ. ಅಳುವುದೊಂದು ಬಾಕಿ.

ಅಷ್ಟರಲ್ಲಿ ಅಮ್ಮನೋರು ಅತಿಥಿಗೆ ಅಂತ ಕಾಫಿ ಲೋಟ ಹಿಡಿದು ಬಂದರು. ಬಂದವರು ನೆಲ ನೋಡಿದರು. ಎಡಗಾಲು ತಿರುಗಿದ ಕಡೆ ಮಾರುದ್ದದ ಕಪ್ಪು ಗೆರೆ.

"ಹಾಳಾದೋರಾ! ನಿಮ್ಮ ದರಿದ್ರದ ಗಾಲಿ ಇವತ್ತೂ ಹಾಕ್ತಾ ಗೆರೆಯ? ಒಂದಕ್ಕೆ ಬೊಟ್ಟಿಟ್ಟು ಇನ್ನೊಂದ್ನ ಬೋಳು ಬಿಟ್ಟಿದ್ರಲ್ಲಾ ಅಂತ ನಾನೇ ಅದಕ್ಕೂ ಕುಂಕುಮ ಇಟ್ಟು ಹೂ ಮುಡಿಸಿ ಬಂದ್ರೆ, ಇದೇನ್ರೋ ಮರ್ಯಾದೆ! ಆ ಇನ್ನೊಬ್ರ ಗಾಲಿ ನೋಡ್ರೋ, ಬಂಗಾರ ಕಣ್ರೋ! ಎಷ್ಟು ಓಡಾಡಿದ್ರೂ ಒಂದ್ ಗೆರೆ ಇಲ್ಲ. ನಿಮ್ಮದು ಹಿಡ್ಕಂಡ್ರೆ ಬಿಡಲ್ವಲ್ರೋ!"

ಮಾಲೀಕರ ಕಣ್ಣಲ್ಲಿ ನೀರು ತುಂಬಿತು. "ಅಮ್ಮಾ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನೊಂದ್ಸಲ ಬಯ್ಯಿರಿ, ಸಾಹೇಬ್ರಿಗೆ ಕೇಳೋ ಹಂಗೆ."

ಸಾಹೇಬರಿಗೆ ಚೆನ್ನಾಗಿಯೇ ಕೇಳಿಸಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಇಂಥ ಸಾಕ್ಷಿ ಕೋರ್ಟಿನಲ್ಲೂ ಸಿಗಲ್ಲ. ಹಾಲಿಗೆಲ್ಲ ನಿಮ್ಮ ಗಾಲಿಯೇ" ಅಂದು ಮಾಲೀಕರ ಕಡೆ ಕೈ ಚಾಚಿದರು. ನನಗೆ ಅಲ್ಲೇ ಕುಣಿದುಬಿಡೋಣ ಅನ್ನುವಷ್ಟು ಸಂತೋಷ.

ಚಾಚಿದ ಕೈಗೆ ಅಮ್ಮನೋರು ತೆಂಗಿನ ನಾರಿನ ಉಂಡೆ ಇಟ್ಟರು. "ಕೈ ಆಮೇಲೆ ಕುಲುಕೀರಂತೆ ಸ್ವಾಮಿ. ಗೆರೆ ಹಾಕ್ದೋರು ನೀವು ತಾನೇ? ಮೊದ್ಲು ತಿಕ್ಕಿ."

ಸಾಹೇಬರು ಪ್ಯಾಂಟು ಮಡಚಿ, ಗಾಲಿ ಬೂಟಿನಲ್ಲೇ ಮಂಡಿಯೂರಿ ಕೂತರು. ಕಾಲು ಗಂಟೆ ತಿಕ್ಕಿದರು. ಗೆರೆ ಅರ್ಧ ಹೋಯಿತು, ಸಾಹೇಬರ ಉಸಿರು ಪೂರ್ತಿ ಹೋಯಿತು. ತಮ್ಮ ಹಾಲಿನ ಅಷ್ಟು ದೊಡ್ಡ ನೆಲ ಕಣ್ಣಿಗೆ ಕಟ್ಟಿತೋ ಏನೋ, ಮೆಲ್ಲಗೆ ತಲೆಯೆತ್ತಿ ಮಾಲೀಕರನ್ನು ನೋಡಿದರು.

"ಗಾಲಿ ಜೊತೆ ಒಂದು ಗಾಡಿ ತೆಂಗಿನ ನಾರನ್ನೂ ಕಳಿಸ್ಕೊಡಿ. ಆಮೇಲೆ, ಈ ಅಮ್ಮನೋರು ಬಿಡುವಾಗಿದಾರಾ ಕೇಳಿ."