ಒಂದು ಮಾತ್ರೆ, ಒಂದು ಮೀಸೆ

ತೊಗರಿಬೇಳೆಯ ಅರ್ಧದಷ್ಟೂ ಇಲ್ಲದ ಒಂದು ಹಸಿರು ಮಾತ್ರೆ. ಅದನ್ನು ಕತ್ತರಿಯಣ್ಣ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ನುಂಗಿದ. ಆದದ್ದು ಅಷ್ಟೇ. ಉಳಿದದ್ದೆಲ್ಲ ಎತ್ತಿನ ಹಿಂದೆ ಗಾಡಿ ಬಂದ ಹಾಗೆ ತಾನಾಗಿಯೇ ಬಂತು.

ಕತ್ತರಿಯಣ್ಣನದು ಒಂದೇ ಕುರ್ಚಿಯ ಕ್ಷೌರದಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಆಳು ಬಾಗಿಲು ತುಂಬುವಷ್ಟು ದಪ್ಪ. ಮೂರು ವರ್ಷದ ಹಿಂದೆ ಅವನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ಅವನ ಹೆಂಡತಿ ಬೀದಿಯ ಆ ತುದಿಯಿಂದ ಈ ತುದಿಯವರೆಗೆ ನಡೆದು, "ನಮ್ಮನೆಯವರಿಗೆ ಯಾರೂ ಒಂದು ಹರಳು ಸಕ್ಕರೆ ಕೊಡಕೂಡದು" ಎಂದು ಹೇಳಿ ಬಂದಿದ್ದಳು. ಬೀದಿಯವರು ಸ್ವಂತ ತಾಯಿಯ ಮಾತನ್ನಾದರೂ ಮೀರಿಯಾರು, ಅವಳ ಮಾತನ್ನು ಮೀರಲಿಲ್ಲ. ಎದುರಿನ ಚಹಾದಂಗಡಿಯವನು ಕತ್ತರಿಯಣ್ಣನ ಸಕ್ಕರೆಯಿಲ್ಲದ ಚಹಾಕ್ಕೆಂದೇ ಬೇರೆ ಲೋಟ ಇಟ್ಟ. ಪಕ್ಕದ ಹೊಲಿಗೆಯಕ್ಕನಂತೂ ಅವನು ರಸ್ತೆ ದಾಟಿದರೆ ಮಷೀನು ನಿಲ್ಲಿಸಿ, ಬಾಯಿ ಆಡುತ್ತಿದೆಯೇ ಎಂದು ನೋಡುತ್ತಿದ್ದಳು.

ಮಾತ್ರೆ ಬರೆದುಕೊಡುವಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. "ಊಟದ ತಟ್ಟೆ ಮುಂದೆ ಬಂದ ಮೇಲೆ ಮಾತ್ರೆ. ನುಂಗಿಬಿಟ್ಟು ಊಟ ಮುಂದಕ್ಕೆ ಹಾಕೋ ಹಾಗಿಲ್ಲ. ಊಟ ಇಲ್ಲ ಅಂದ್ರೆ ಆ ಹೊತ್ತಿನ ಮಾತ್ರೇನೂ ಇಲ್ಲ. ಕೈ ನಡುಗಿ, ಬೆವರು ಬಂದು, ಕಣ್ಣು ಮಂಜಾದ್ರೆ ತಕ್ಷಣ ಕೂತ್ಕೊಂಡು ಮೂರು ಚಮಚ ಸಕ್ಕರೆ ತಿನ್ನಿ. ಆಮೇಲೆ ಊಟ. ಆಮೇಲೆ ನನ್ನ ಹತ್ರ ಬನ್ನಿ."

ಕತ್ತರಿಯಣ್ಣ ಮನೆಗೆ ಬಂದು ಹಾಗೆಯೇ ಹೇಳಿದ. ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಸಕ್ಕರೆ ಕಾಯಿಲೆಗೆ ಸಕ್ಕರೇನೇ ಮದ್ದಾ? ಇದನ್ನ ಡಾಕ್ಟರಮ್ಮ ಹೇಳಿದ್ರಾ, ನಿಮ್ಮ ನಾಲಿಗೆ ಹೇಳ್ತಾ? ನನ್ನ ಕಿವಿಗೆ ಹೂ ಇಡೋದು ಬಿಟ್ಟು ಹೋಗಿ ಕೆಲ್ಸ ನೋಡಿ."

ಈ ದಿನ ಮಾತ್ರೆ ಗಂಟಲಿಳಿದಿತ್ತು, ಪರದೆಯಾಚೆ ಹೆಂಡತಿ ಅನ್ನ ಬಡಿಸುತ್ತಿದ್ದಳು. ಅಷ್ಟರಲ್ಲಿ ಪೋಸ್ಟ್ ಮೇಷ್ಟ್ರು ಬಂದು ಕುರ್ಚಿಯಲ್ಲಿ ಕೂತುಬಿಟ್ಟರು. ಅವರ ಕೆಲಸಕ್ಕೆ ಅದೇ ಕೊನೆಯ ದಿನ.

"ಮೂರು ಗಂಟೆಗೆ ಫೋಟೋ ತೆಗೀತಾರೆ ಕಣಯ್ಯ. ಆಫೀಸಿನ ಗೋಡೆಗೆ ಹಾಕೋದಕ್ಕೆ. ಮೀಸೆ ಒಂಚೂರು ಸಮ ಮಾಡು, ಎರಡೇ ನಿಮಿಷ."

ಕುರ್ಚಿಯಲ್ಲಿ ಕೂತವರ ಮುಖ ಮುಗಿಯದೆ ಕ್ಷೌರಿಕ ಅನ್ನಕ್ಕೆ ಕೈ ಹಾಕಬಾರದು ಎಂದು ಕತ್ತರಿಯಣ್ಣನಿಗೆ ಅವನ ಅಪ್ಪ ಕಲಿಸಿದ್ದ. ಎರಡು ನಿಮಿಷ ತಾನೆ. "ತಟ್ಟೆ ಮುಚ್ಚಿಡೇ, ಬಂದೆ" ಎಂದು ಕತ್ತರಿ ಹಿಡಿದ.

ಮೂವತ್ತು ವರ್ಷ ಬೆಳೆಸಿದ ಮೀಸೆ ಅದು. ಎರಡು ಗುಬ್ಬಿ ಬೆನ್ನಿಗೆ ಬೆನ್ನು ಕೊಟ್ಟು ಕೂತ ಹಾಗಿತ್ತು. ಎಡಗಡೆ ಎರಡು ಕೂದಲು ತೆಗೆದ. ಮೇಷ್ಟ್ರಿಗೆ ಚಹಾ ತಂದಿಟ್ಟ ಅಂಗಡಿಯವನು ಕತ್ತು ಓರೆ ಮಾಡಿ ನೋಡಿದ.

"ಎಡಗಡೆ ಮೇಲೆ ಹೋಯ್ತಲ್ಲಣ್ಣ."

ಬಲಗಡೆ ತೆಗೆದ.

"ಈಗ ಬಲಗಡೆ."

ಅಷ್ಟರಲ್ಲಿ ಹೊಲಿಗೆಯಕ್ಕ ಕತ್ತಿಗೆ ಹಾಕಿಕೊಂಡ ಅಳತೆಪಟ್ಟಿ ಸಮೇತ ಒಳಗೆ ಬಂದಳು. "ಕಣ್ಣಳತೆ ನಂಬಬೇಡಿ. ಗೋಡೆ ಮೇಲೆ ಇರೋ ಫೋಟೋ ಇದು, ನೂರು ವರ್ಷ ಜನ ನೋಡ್ತಾರೆ." ಮೇಷ್ಟ್ರ ಮೂಗಿನ ಕೆಳಗೆ ಪಟ್ಟಿ ಹಿಡಿದು ಅಳೆದಳು. "ಬಲಗಡೆ ಒಂದು ನೂಲು ಜಾಸ್ತಿ."

ಹೀಗೆ ಒಂದೂವರೆ ಆಯಿತು. "ಅನ್ನ ಆರ್ತಾ ಇದೆ" ಎಂದು ಪರದೆಯಾಚೆಯಿಂದ ಹೆಂಡತಿ ಕೂಗಿದಳು. "ಇನ್ನೊಂದು ನೂಲು ಕಣೇ" ಎಂದ. ಎರಡು ಗಂಟೆಯೂ ದಾಟಿತು. ಗುಬ್ಬಿಗಳು ಸೊರಗಿ ಜೇನುನೊಣದಷ್ಟಾದವು.

ಇತ್ತ ಹೊಟ್ಟೆಯೊಳಗೆ ಮಾತ್ರೆಗೆ ಮೀಸೆಯ ಗೊಡವೆ ಇರಲಿಲ್ಲ. ಅದಕ್ಕೆ ಒಪ್ಪಿಸಿದ ಕೆಲಸ ಒಂದೇ, ರಕ್ತದ ಸಕ್ಕರೆ ಇಳಿಸುವುದು. ಅನ್ನ ಬರಲಿಲ್ಲವಲ್ಲ ಎಂದು ಅದು ಕಾಯುತ್ತ ಕೂರುವುದಿಲ್ಲ. ಎರಡು ಚೀಲ ಅಕ್ಕಿಯನ್ನು ಹೆಗಲ ಮೇಲೆ ಹೊರುತ್ತಿದ್ದ ಆಳು ಕತ್ತರಿಯಣ್ಣ. ಅಂಥವನ ಮೊಣಕಾಲನ್ನು ಆ ಕಾಳು ಒಳಗಿನಿಂದ, ಸದ್ದಿಲ್ಲದೆ, ಹತ್ತಿಯಾಗಿ ಮಾಡುತ್ತಿತ್ತು. ಅಂಗೈ ಬೆವರಿತು. ಕನ್ನಡಿಯಲ್ಲಿ ಇಬ್ಬರು ಮೇಷ್ಟ್ರು ಕಂಡರು.

"ಒಂಚೂರು ಸಕ್ಕರೆ ಕೊಡ್ರೋ" ಎಂದ.

"ಅತ್ತಿಗೆ ಏನಂದಿದ್ದಾರೆ ಗೊತ್ತಲ್ಲಣ್ಣ" ಎಂದ ಚಹಾದವನು.

ಕತ್ತರಿಯಣ್ಣ ಮೇಷ್ಟ್ರ ಚಹಾಕ್ಕೆ ಕೈ ಚಾಚಿದ. ಹೊಲಿಗೆಯಕ್ಕ ಲೋಟವನ್ನು ಹದ್ದಿನ ಹಾಗೆ ಎತ್ತಿಕೊಂಡಳು. "ಗಿರಾಕಿ ಎಂಜಲು ಚಹಾಕ್ಕೂ ಕಣ್ಣು ಹಾಕೋ ಹಾಗಾಯ್ತಾ? ಅತ್ತಿಗೆ, ಬನ್ನಿ ಇಲ್ಲಿ."

ಹೆಂಡತಿ ಪರದೆ ಸರಿಸಿದಳು. "ಮೂರು ವರ್ಷದಿಂದ ನೋಡ್ತಿದೀನಿ ಈ ನಾಟಕ" ಎಂದಳು. ಆದರೆ ಆ ಮಾತು ಮುಗಿಯುವ ಮೊದಲೇ ಕತ್ತರಿಯಣ್ಣನ ಕೈ ಅಲುಗಿ ಕತ್ತರಿ ಕಚ್ ಎಂದಿತು. ಎಡಗಡೆಯ ಮೀಸೆ ಪೂರ್ತಿ ಬಿಳಿ ಬಟ್ಟೆಯ ಮೇಲೆ ಬಿತ್ತು. ಅದರ ಹಿಂದೆಯೇ ಕತ್ತರಿಯಣ್ಣ ಗೋಡೆಗೊರಗಿ, ಗೋಣಿಚೀಲ ಕುಸಿದ ಹಾಗೆ ನೆಲಕ್ಕೆ ಕೂತ.

ಮೇಷ್ಟ್ರು ಬೈಯಲೆಂದೇ ಎದ್ದವರು. ಅವನ ಮುಖ ನೋಡಿದ್ದೇ ಬೈಗುಳ ಬಾಯಲ್ಲೇ ಉಳಿಯಿತು. "ನನ್ನ ಚಹಾ ಕೊಡಮ್ಮ ಇಲ್ಲಿ" ಎಂದರು.

"ಅವರಿಗಲ್ಲ ತಾನೆ?"

"ನನ್ನ ಚಹಾ, ನಾನು ಯಾರಿಗಾದ್ರೂ ಕುಡಿಸ್ತೀನಿ. ಇನ್ನೂ ಮೂರು ಚಮಚ ಸಕ್ಕರೆ ಸುರಿಯೋ ಇದಕ್ಕೆ, ನಿಂತು ನೋಡಬೇಡ" ಎಂದು ಚಹಾದವನತ್ತ ತಿರುಗಿದರು.

ಅರ್ಧ ಮೀಸೆಯ ಮೇಷ್ಟ್ರು ನೆಲಕ್ಕೆ ಕೂತು, ಮಗುವಿಗೆ ಕುಡಿಸುವ ಹಾಗೆ ಗುಟುಕು ಗುಟುಕಾಗಿ ಕುಡಿಸಿದರು. ಹತ್ತು ನಿಮಿಷ ಕಳೆಯಿತು. ಎಲ್ಲರ ಕಣ್ಣ ಮುಂದೆಯೇ ಬೂದಿಯಂತಿದ್ದ ಮುಖಕ್ಕೆ ಕೆಂಪು ಹತ್ತಿತು, ಬೆವರು ಆರಿತು, ನಡುಗುವ ಕೈ ನಿಂತಿತು. ಹರಳು ಸಕ್ಕರೆಗೆ ಇಷ್ಟು ಶಕ್ತಿಯೇ, ಕಾಳಿನಂಥ ಮಾತ್ರೆಗೆ ಅಷ್ಟು ಶಕ್ತಿಯೇ ಎಂದು ಹೊಲಿಗೆಯಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಹೆಂಡತಿ ಓಡಿಹೋಗಿ ಆರಿದ ಅನ್ನವನ್ನೇ ತಂದು ತುತ್ತು ಮಾಡಿ ತಿನ್ನಿಸಿದಳು.

ಊಟವಾದ ಮೇಲೆ ಎಲ್ಲರೂ ಸೇರಿ ಅವನನ್ನು ಡಾಕ್ಟರಮ್ಮನ ಮುಂದೆ ಕೂರಿಸಿದರು. ಅವರು ಬೆರಳು ಚುಚ್ಚಿ ನೋಡಿ, ಕತೆಯೆಲ್ಲ ಕೇಳಿದರು. "ಮಾತ್ರೇದು ತಪ್ಪಿಲ್ಲ, ಅದು ತನ್ನ ಕೆಲ್ಸ ಮಾಡಿದೆ. ಊಟ ಮಾಡೋದು ನಿಮ್ಮ ಕೆಲ್ಸ, ನೀವು ಮಾಡ್ಲಿಲ್ಲ. ಇಂಥ ಹೊತ್ತಲ್ಲಿ ರೋಗಿಗೆ ತಲೆಯೂ ಓಡಲ್ಲ, ಬೇಡ ಬೇಡ ಅಂತಾನೆ. ಪಕ್ಕದಲ್ಲಿರೋರು ನೋಡಿ ಸಕ್ಕರೆ ಕೊಡಬೇಕು. ಸಂಜೆ ಆರಕ್ಕೆ ಇನ್ನೊಂದು ಸಲ ಬನ್ನಿ."

"ಹಾಗಾದ್ರೆ ಇವರು ಅವತ್ತು ಹೇಳಿದ್ದು ನಿಜಾನಾ?" ಎಂದಳು ಹೆಂಡತಿ.

"ಅಕ್ಷರಕ್ಕೆ ಅಕ್ಷರ ನಿಜ."

ಮೇಷ್ಟ್ರು ಉಳಿದ ಅರ್ಧ ಮೀಸೆಯನ್ನೂ ತೆಗೆಸಿಕೊಂಡು ಫೋಟೋಕ್ಕೆ ಹೋದರು. ಕತ್ತರಿಯಣ್ಣ ಬದುಕಿದೆಯಾ ಬಡಜೀವವೇ ಎಂದು ಅಂಗಡಿಯಲ್ಲಿ ಕಾಲು ಚಾಚಿದ.

ಬೀದಿಯವರು ಹೆದರಿದ್ದರು. ಕತ್ತರಿಯಣ್ಣ ಸೆಖೆಗೆ ಹಣೆ ಒರೆಸಿಕೊಂಡ. ಚಹಾದವನು ಸಕ್ಕರೆಯ ಚಮಚ ಹಿಡಿದು ರಸ್ತೆ ದಾಟಿದ. ಕತ್ತರಿಯಣ್ಣ ಆಕಳಿಸಿದ, ಹೊಲಿಗೆಯಕ್ಕ ಬಾಯಿಗೆ ಸಕ್ಕರೆ ಸುರಿದಳು. "ಬೇಡಮ್ಮ, ಚೆನ್ನಾಗಿದೀನಿ" ಎಂದು ಕೈಮುಗಿದ.

"ಬೇಡ ಅಂತಿದಾರೆ" ಎಂದಳು ಹೊಲಿಗೆಯಕ್ಕ ಗಾಬರಿಯಿಂದ ಹೊರಗೆ ತಿರುಗಿ. "ಡಾಕ್ಟರಮ್ಮ ಹೇಳಿದ ಲಕ್ಷಣ ಅದೇ. ಇನ್ನೊಂದು ಚಮಚ ತನ್ನಿ."

ಆರು ಗಂಟೆಗೆ ಡಾಕ್ಟರಮ್ಮ ಮತ್ತೆ ಬೆರಳು ಚುಚ್ಚಿದರು. ಯಂತ್ರ ನೋಡಿದರು. ಯಂತ್ರ ಒರೆಸಿ ಇನ್ನೊಂದು ಬೆರಳು ಚುಚ್ಚಿದರು. ರಕ್ತದ ಸಕ್ಕರೆ ಮುನ್ನೂರ ಎಂಬತ್ತಾರು, ಇರಬೇಕಾದ್ದರ ಎರಡು ಪಟ್ಟು.

"ಇವರಿಗೆ ಸಕ್ಕರೆ ಕೊಟ್ಟೋರು ಕೈ ಎತ್ತಿ."

ಬಾಗಿಲಲ್ಲಿ ತುಂಬಿದ್ದ ಬೀದಿಯವರೆಲ್ಲ ನೆಲ ನೋಡಿದರು. ಒಂದೇ ಒಂದು ಕೈ ಮೇಲೆದ್ದಿತು. ಅದು ಹೆಂಡತಿಯದು.

"ಒಂದೇ ಲೋಟ ಹಾಲಮ್ಮ. ಐದು ಚಮಚ ಹಾಕಿದ್ದೆ. ಮಲಗಿದ್ರು, ಉಸಿರು ಇದೆಯೋ ಇಲ್ವೋ ಅಂತ ಭಯ ಆಯ್ತು."

ಕತ್ತರಿಯಣ್ಣ ಬೆರಗಾಗಿ ಅವಳನ್ನೇ ನೋಡಿದ. ಮೂರು ವರ್ಷದಲ್ಲಿ ಅವಳು ಅವನಿಗೆ ಕೊಟ್ಟ ಮೊದಲ ಸಿಹಿ ಅದು. ನಿದ್ದೆಗಣ್ಣಲ್ಲಿ ಕುಡಿದಿದ್ದರಿಂದ ರುಚಿಯೂ ನೆನಪಿರಲಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇಷ್ಟು ಜನ ಬೇಡ. ಒಬ್ಬರೇ ಒಬ್ಬರು ಸಾಕು. ನಾಳೆಯಿಂದ ಇವರ ಊಟ, ಮಾತ್ರೆ, ಎಲ್ಲ ಹೊತ್ತು ಹೊತ್ತಿಗೆ ಯಾರು ನೋಡ್ಕೋತೀರಿ?"

ಎಲ್ಲ ಕೈಗಳೂ ಒಟ್ಟಿಗೆ ಮೇಲೆದ್ದವು. ಬೋಳು ಮುಖದ ಮೇಷ್ಟ್ರು ಎರಡೂ ಕೈ ಎತ್ತಿದ್ದರು. "ನನಗೆ ಬಿಡಿ. ನಾಳೆಯಿಂದ ನನಗೆ ಬೇರೆ ಕೆಲ್ಸಾನೂ ಇಲ್ಲ."

ಕೊನೆಗೆ ಕತ್ತರಿಯಣ್ಣನೂ, ನನ್ನನ್ನು ನಾನೇ ನೋಡಿಕೊಳ್ಳುತ್ತೇನೆ ಎನ್ನಲು, ಮೆಲ್ಲಗೆ ತನ್ನ ಕೈ ಎತ್ತಿದ.

"ಅಯ್ಯೋ, ಕೈ ನೋಡ್ರಿ ಹೇಗೆ ನಡುಗ್ತಿದೆ" ಎಂದಳು ಹೊಲಿಗೆಯಕ್ಕ, ಸೆರಗಿನ ಸಕ್ಕರೆ ಗಂಟು ಬಿಚ್ಚುತ್ತ.